ಪ್ರತಿ ಸಲವೂ ಒಂದೇ ಮೂಟೆ ಕಡಿಮೆ

ಹೋದ ವರ್ಷದ ಹುಣಸೆ ಸುಗ್ಗಿಯಲ್ಲಿ ನಡೆದದ್ದು. ಕಲ್ಯಾಣದುರ್ಗದ ಸುತ್ತಮುತ್ತ ಹುಣಸೆ ಮರಗಳನ್ನು ಗುತ್ತಿಗೆ ಹಿಡಿದು, ಹಣ್ಣು ಬಿಡಿಸಿ, ಹಿಂದೂಪುರದ ಮಂಡಿಗೆ ಹಾಕುವುದು ನನ್ನ ಕಸುಬು. ಸುಲಭಕ್ಕೆ ಯಾರನ್ನೂ ನಂಬುವವಳಲ್ಲ ನಾನು. ‘ಅನುಮಾನಂ ಪೆದ್ದ ರೋಗಂ’, ಅನುಮಾನ ದೊಡ್ಡ ರೋಗ ಎಂದು ನನ್ನ ಗಂಡ ತೆಲುಗಿನಲ್ಲಿ ಛೇಡಿಸುತ್ತಾರೆ.

ಮಂಡಿಯ ಯಜಮಾನರ ಸೊಸೆ ಕವಿತಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತವಳು. ಮೂಟೆ ಎಣಿಸಲು ಒಂದು ಪ್ರೋಗ್ರಾಂ ಬರೆದಿದ್ದಳು. ಮೂಟೆ ಇಳಿಸುತ್ತ ಹಮಾಲಿ ಕೂಗಿದ್ದನ್ನು ಗುಮಾಸ್ತ ಕಂಪ್ಯೂಟರಿಗೆ ಹಾಕಬೇಕು, ಕೊನೆಗೆ ಅದೇ ಲೆಕ್ಕ ಹೇಳುತ್ತದೆ. ಮೊದಲ ಲೋಡಿಗೇ ನಾನು ಎಣಿಸಿ ಕಳಿಸಿದ್ದಕ್ಕಿಂತ ಒಂದು ಮೂಟೆ ಕಡಿಮೆ ಎಂದಿತು. ಎರಡನೆಯದಕ್ಕೂ ಒಂದು ಕಡಿಮೆ. ಡ್ರೈವರ್ ಮೇಲೆ ಅನುಮಾನ ಬಂದು, ಮುಂದಿನ ಲೋಡಿನ ಮೇಲೆ ನಾನೇ ಕೂತು ಬಂದೆ. ಆಗಲೂ ಒಂದು ಕಡಿಮೆ! ಸರಿ, ನುಂಗುತ್ತಿರುವುದು ಮಂಡಿಯವರೇ ಎಂದುಕೊಂಡೆ.

“ಹಮಾಲಿ ಕೂಗಿದ್ದು ಸರಿಯಾಗೇ ಐತಲ್ಲ ಯಜಮಾನ್ರೇ?” ಎಂದೆ.

“ಮನುಷ್ಯ ನಡುವೆ ಒಂದು ಹಾರಿಸ್ಬುಡ್ತಾನೆ. ಕಂಪ್ಯೂಟರು ಹಾರಿಸಲ್ಲ ಕಣಮ್ಮ. ಇಲ್ಲದ ಮೂಟೆಗೆ ಲೆಕ್ಕ ಕೇಳೋದು ಕಳ್ತನ ಅಲ್ವಾ?” ಎಂದರು.

ಮಂಡಿಯಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಈ ಮಾತು ಕಲ್ಯಾಣದುರ್ಗ ಮುಟ್ಟಿದರೆ ಯಾವ ರೈತ ನನಗೆ ಮರ ಕೊಡುತ್ತಾನೆ?

“ನಿಮ್ಮ ಸೊಸೇನ ಕರೀರಿ. ಅವಳ ಮುಂದೇನೇ ಇನ್ನೊಂದ್ಸಲ ಎಣಿಸ್ರಿ. ಅಲ್ಲೀವರ್ಗೂ ನಾನು ಏಳಲ್ಲ” ಎಂದು ಅಲ್ಲೇ ಕೂತೆ.

ಕವಿತಾ ಬಂದಳು. ಹಮಾಲಿ ಮೊದಲ ಮೂಟೆ ಎತ್ತಿಟ್ಟು “ಲಾಭಂ!” ಎಂದು ಕೂಗಿದ. ಆಮೇಲೆ ತೆಲುಗಿನಲ್ಲೇ “ರೆಂಡು, ಮೂಡು...” ಎಂದು ಎರಡು, ಮೂರು ಎಣಿಸುತ್ತ ಹೋದ. ನಮ್ಮ ಕಡೆ ಅಳೆಯುವಾಗ, ಎಣಿಸುವಾಗ ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಲಾಭ ಎಂದೇ ಶುರು. ಗುಮಾಸ್ತನೂ ಕೂಗಿದಂತೆಯೇ ಮೊದಲ ಸಾಲಿಗೆ ‘ಲಾಭ’ ಎಂದು, ಮುಂದಿನವಕ್ಕೆ 2, 3 ಎಂದು ಅಂಕಿ ಹಾಕಿದ.

ಅದನ್ನು ನೋಡಿ ಕವಿತಾ ನಾಲಗೆ ಕಚ್ಚಿಕೊಂಡಳು. “ಮಾವ, ತಪ್ಪು ನಂದೇ. ಒಂದೊಂದೇ ಸಾಲು ನೋಡ್ತಾ ಹೋಗು, ಅಂಕಿ ಇದ್ರೆ ಲೆಕ್ಕಕ್ಕೆ ಒಂದು ಕೂಡ್ಸು, ಇಲ್ದಿದ್ರೆ ಬಿಟ್ಬುಡು ಅಂತ ಪ್ರೋಗ್ರಾಂನಲ್ಲಿ ಬರ್ದಿದ್ದೆ. ಲಾಭ ಅಂಕಿ ಅಲ್ವಲ್ಲ, ಅದ್ಕೇ ಮೊದಲ್ನೇ ಮೂಟೇನ ಬಿಟ್ಬುಡ್ತಾ ಐತೆ.”

ಯಜಮಾನರು ನಕ್ಕರು. “ನೋಡಮ್ಮ, ಕಂಪ್ಯೂಟರು ಎಂಥ ಕೆಲಸ ಮಾಡ್ಬುಡ್ತು!”

ನನಗೆ ನಗು ಬರಲಿಲ್ಲ. “ಮೂಟೆ ಬಿಟ್ಟಿದ್ದು ಕಂಪ್ಯೂಟರು. ಕಳ್ತನ ಅಂದಿದ್ದು ನಿಮ್ಮ ಬಾಯಿ. ಎಲ್ರ ಮುಂದೆ ಅಂದ್ರಿ, ಎಲ್ರ ಮುಂದೇನೇ ಅಲ್ಲ ಅನ್ರಿ.”

ಯಜಮಾನರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, “ತಪ್ಪಾಯ್ತು ಕಣಮ್ಮ” ಎಂದರು.

ಕವಿತಾ ಅಲ್ಲೇ ಕೂತು ಪ್ರೋಗ್ರಾಂ ಸರಿಮಾಡಿದಳು. ಈಗಲೂ ಅದೇ ಮಂಡಿಗೆ ಹಣ್ಣು ಹಾಕುತ್ತೇನೆ, ಲೆಕ್ಕ ಸರಿಯಾಗಿಯೇ ಬರುತ್ತದೆ. ಆದರೆ ಅಲ್ಲಿ ಕಾಲಿಟ್ಟಾಗಲೆಲ್ಲ ಒಬ್ಬೊಬ್ಬರ ಮುಖ ನೋಡುತ್ತೇನೆ. ಅಂದು ನಾನು ಕಳ್ಳಿ ಎಂದು ಇವರಲ್ಲಿ ಎಷ್ಟು ಜನ ನಂಬಿದ್ದರೋ!