ಮೂರನೆಯ ಹಳ್ಳ

ಮೊನ್ನೆ ಹಳೇಬೀಡಿನ ಕೆರೆ ಏರಿಯ ಮೇಲೆ ನಿಂತಿದ್ದಾಗ, ನೆಂದ ಕುರಿಹಿಕ್ಕೆಯ ವಾಸನೆ ಗಾಳಿಯಲ್ಲಿ ತೇಲಿ ಬಂತು. ಜೊತೆಯಲ್ಲಿದ್ದ ವಿಮಲಾ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನೋ, ಮಲ್ಲಿಗೆ ದಂಡೆ ಮೂಸುವವಳಂತೆ ಇನ್ನೊಮ್ಮೆ ಉಸಿರೆಳೆದುಕೊಂಡೆ. "ಏನ್ರೀ ಇದು ನಿಮ್ಮ ಅಭಿರುಚಿ!" ಎಂದರು. ಆ ವಾಸನೆಗೂ ನನಗೂ ಒಂದು ನಂಟಿದೆ. ಹೇಳುತ್ತೇನೆ, ನಗು ಬಂದರೆ ನಕ್ಕುಬಿಡಿ.

ಅರಸೀಕೆರೆಯ ಶಾಲೆಯಲ್ಲಿ ನಾವಿಬ್ಬರೂ ಒಟ್ಟಿಗೆ ಪಾಠ ಮಾಡಿದವರು. ನನ್ನದು ಸಮಾಜ ವಿಜ್ಞಾನ. 'ಮಳೆಯ ನೀರು ಹರಿದು ಒಂದೇ ಕಡೆ ಸೇರುವ ಪ್ರದೇಶಕ್ಕೆ ಜಲಾನಯನ ಪ್ರದೇಶ ಎನ್ನುತ್ತಾರೆ' ಎಂದು ವರ್ಷಾವರ್ಷ ಬರೆಸಿದ್ದೇನೆ. ಎರಡು ಅಂಕದ ಪ್ರಶ್ನೆ. ಒಂದು ಪದ ಬಿಟ್ಟರೂ ಅರ್ಧ ಅಂಕ ಕತ್ತರಿಸುವಷ್ಟು ಕಟ್ಟುನಿಟ್ಟು ನನ್ನದು.

ಗಂಡಸಿ ಕಡೆಯ ನಮ್ಮೂರ ಕೆರೆಗೆ ಮೂರು ಹಳ್ಳಗಳು ಬಂದು ಸೇರುತ್ತವೆ. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನೀರುಗಂಟಿ ಸಿದ್ದಣ್ಣನಿಂದ. ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವುದು ಅವರ ಮನೆತನದ ಕೆಲಸ. ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಅವರು ಕೆರೆಯಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ನೀರಿನಲ್ಲಿ ತೇಲಿ ಬಂದ ಕಸವನ್ನು ನಾವು ಪೇಪರ್ ಓದುವ ಹಾಗೆ ಓದುತ್ತಿದ್ದರು. ತಂಗಡಿ ಹೂವಿದ್ದರೆ ಗುಡ್ಡದ ಹಳ್ಳ ಹರಿದಿದೆ. ತೆಂಗಿನ ನಾರಿದ್ದರೆ ತೋಟಗಳ ಹಳ್ಳ. ಕುರಿಹಿಕ್ಕೆ ಬಂದಿದ್ದರೆ ಗೋಮಾಳದ ಹಳ್ಳ, ಅದು ಮೂರನೆಯದು.

ಆ ಮೂರನೆಯ ಹಳ್ಳದ ದಾರಿಯಲ್ಲೇ ನಮ್ಮಪ್ಪ ನನಗೆ ಬಿಟ್ಟುಹೋದ ಎರಡೆಕರೆ ಹೊಲವಿದೆ. ನಿವೃತ್ತಿಯಾದ ಬೇಸಿಗೆಯಲ್ಲಿ ಸುತ್ತ ಬೇಲಿ ಹಾಕಿಸಿ ತೆಂಗಿನ ಸಸಿ ನೆಡಿಸಿದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಸಿಗಳ ಮೇಲಿನ ಮಮತೆಗೆ ಜೆಸಿಬಿ ಕರೆಸಿ ಹಳ್ಳಕ್ಕೆ ಅಡ್ಡಲಾಗಿ ಎದೆಮಟ್ಟದ ಬದು ಹಾಕಿಸಿದೆ. "ಒಂದು ಹನಿಯೂ ಆಚೆ ಹೋಗಬಾರದು ಕಣಪ್ಪ" ಎಂದು ಡ್ರೈವರನಿಗೆ ಹೇಳಿದ್ದೂ ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅಂತಾರಲ್ಲ, ಹಾಗೆ.

ಆ ವರ್ಷ ಹದವಾಗಿ ಮಳೆಯಾಯಿತು. ಬದುವಿನ ಹಿಂದೆ ನೀರು ನಿಂತು ಸಸಿಗಳು ನಳನಳಿಸಿದವು. ಅರಸೀಕೆರೆಯ ಗೆಳತಿಯರಿಗೆಲ್ಲ ಫೋಟೋ ಕಳಿಸಿ ಬೀಗಿದೆ. ಕೆರೆ ಮಾತ್ರ ಅರ್ಧಕ್ಕೇ ನಿಂತಿತು. ಕೆಳಗಿನ ಗದ್ದೆಯವರು ಭತ್ತದ ಒಟ್ಲು ಹಾಕಿ, ಎದ್ದ ಸಸಿಯ ನಾಟಿಗೆ ನೀರು ಕಾಯುತ್ತಿದ್ದರು.

ಒಂದು ಸಂಜೆ ಊರವರು ಅರಳಿಕಟ್ಟೆಯಲ್ಲಿ ಸೇರಿದರು. ಮಂಡಿನೋವಿನಿಂದ ಸಿದ್ದಣ್ಣನಿಗೆ ಆ ವರ್ಷ ಹಳ್ಳದ ಗುಂಟ ನಡೆದು ನೋಡಲು ಆಗಿರಲಿಲ್ಲ. "ಹೂ ಬಂದೈತೆ, ನಾರು ಬಂದೈತೆ, ಹಿಕ್ಕೆ ಒಂದೂ ಬಂದಿಲ್ಲ. ಮೂರ್ನೇ ಹಳ್ಳನ ಯಾರೋ ಹಿಡ್ಕಂಡವ್ರೆ" ಎಂದರು.

ಎಲ್ಲರ ಕಣ್ಣೂ ಮಾದೇವನ ಮೇಲೆ ಬಿತ್ತು. ನನ್ನ ಹೊಲಕ್ಕಿಂತ ಮೇಲೆ, ಗೋಮಾಳದ ಅಂಚಿನಲ್ಲಿ ಅವನೊಂದು ಕೃಷಿಹೊಂಡ ತೋಡಿಸಿದ್ದ. ಅವನ ಕುರಿಗಳು, ಎರಡು ಹಸುಗಳು ಬೇಸಿಗೆ ಕಳೆಯುತ್ತಿದ್ದದ್ದು ಅದನ್ನು ನಂಬಿಕೊಂಡೇ. "ನನ್ ಹೊಂಡ ತುಂಬಿ ನೀರು ಕೆಳೀಕೆ ಹೋಗೈತೆ ಕಣ್ರಪ್ಪೋ" ಎಂದು ಗೋಗರೆದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಿಗ್ಗೆ ಹೊಂಡ ಮುಚ್ಚುವುದೆಂದು ತೀರ್ಮಾನವಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನೂ ಸೆರಗು ಸರಿಮಾಡಿಕೊಂಡೆ. ಬೇಲಿಯೊಳಗಿನ ನನ್ನ ಬದುವನ್ನು ಯಾರೂ ನೋಡಿರಲಿಲ್ಲ; ಟೀಚರಮ್ಮನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಾನು ಬಾಯಿ ಬಿಡಲಿಲ್ಲ.

ಬೆಳಕು ಹರಿಯುತ್ತಲೇ ಸಿದ್ದಣ್ಣನ ಬಾಗಿಲಿಗೆ ಹೋದೆ. "ಸಿದ್ದಣ್ಣ, ಹಳ್ಳ ಹಿಡಿದವಳು ನಾನು."

ಅವರು ಬಾಯಲ್ಲಿದ್ದ ಬೇವಿನಕಡ್ಡಿ ತೆಗೆದರು. "ಇದ್ನ ನಿನ್ನೆ ಕಟ್ಟೇಲಿ ಹೇಳಕೆ ಏನಾಗಿತ್ತು ಟೀಚರಮ್ಮ?"

ಅವರು ಕಡ್ಡಿ ಎಸೆದು ಬಾಯಿ ಮುಕ್ಕಳಿಸಿದರು. "ನನ್ ಒಬ್ಬನ ಮುಂದೆ ಹೇಳಿದ್ರೆ ಆಗಾಕಿಲ್ಲ. ಎಲ್ರೂ ಹೊಂಡದ ತಾವ ಹೋಗವ್ರೆ. ನಡೀರಿ" ಎಂದು ಕೋಲೂರಿಕೊಂಡು ಹೊರಟೇಬಿಟ್ಟರು.

ಹೊಂಡದ ಏರಿಗೆ ಆಗಲೇ ಗುದ್ದಲಿ ಬಿದ್ದಿತ್ತು. ಮಾದೇವ ಒಂದು ಕಡೆ ಕೂತಿದ್ದ. ಐವತ್ತು ಮಕ್ಕಳ ತರಗತಿಯ ಕೊನೇ ಬೆಂಚಿಗೂ ಕೇಳುತ್ತಿದ್ದ ನನ್ನ ದನಿ ಅವತ್ತು ಗುದ್ದಲಿಯ ಸದ್ದಿನಲ್ಲಿ ಮುಳುಗಿಹೋಯಿತು. ಎರಡು ಸಲ ಹೇಳಬೇಕಾಯಿತು. "ಮಕ್ಳಿಗೆ ಬುದ್ಧಿ ಹೇಳ್ದೋರೇ ಹಿಂಗ್ ಮಾಡಿದ್ರೆ ಹೆಂಗೆ ಕಣ್ರವ್ವ?" ಎಂದರು ಯಾರೋ. ಮಾದೇವ ಎದ್ದು ಒಂದು ಗುದ್ದಲಿ ಹೆಗಲಿಗೇರಿಸಿದ.

ಎಲ್ಲರೂ ನನ್ನ ಹೊಲಕ್ಕೆ ಇಳಿದೆವು. ಬದುವಿಗೆ ಮೊದಲ ಗುದ್ದಲಿ ಹಾಕಿದವಳು ನಾನು; ಹತ್ತು ಏಟಿಗೆ ಅಂಗೈ ಬೊಬ್ಬೆ ಬಂತು. ಮಿಕ್ಕದ್ದನ್ನು ಅಗೆದವನು ಮಾದೇವ. ಸಿಟ್ಟಿಗೆ ಅಗೆದನೋ ಸಮಾಧಾನಕ್ಕೋ ಗೊತ್ತಾಗಲಿಲ್ಲ. ಬದು ಒಡೆದು ನೀರು ಭೋರ್ ಎಂದು ಹೊರಟಾಗ ನನ್ನ ಎದೆಯ ಮೇಲಿನ ಕಲ್ಲೂ ಇಳಿಯಿತು. ನಾಚಿಕೆಯಾಯಿತು, ನಿಜ. ಅದಕ್ಕಿಂತ ಹೆಚ್ಚಾಗಿ ಸದ್ಯ ಬದುಕಿದೆ ಅನ್ನಿಸಿತು. ಮೂರನೆಯ ದಿನಕ್ಕೆ ಕೆರೆಯಂಚಿನಲ್ಲಿ ನೆಂದ ಕುರಿಹಿಕ್ಕೆಯ ವಾಸನೆ ಎದ್ದಿತು, ಸಿದ್ದಣ್ಣ ತೂಬು ಎತ್ತಿದರು. ತಡವಾದರೂ ನಾಟಿ ನಡೆಯಿತು.

ಇಷ್ಟನ್ನೂ ವಿಮಲಾಗೆ ಹೇಳಿ ಮುಗಿಸಿದೆ. "ಆ ಮಾದೇವ ಆಮೇಲೆ ನಿಮ್ಮನ್ನ ಮಾತಾಡಿಸಿದ್ನಾ?" ಎಂದು ಕೇಳಿದರು. ಮೊದಲ ವರ್ಷ ಮಾತಾಡಿಸಲಿಲ್ಲ. ಈಗ ನಾನು ಅರಸೀಕೆರೆಯಲ್ಲಿ ಇರುವ ದಿನಗಳಲ್ಲಿ ನನ್ನ ಹೊಲ ನೋಡಿಕೊಳ್ಳುವವನೇ ಅವನು. ಮೊನ್ನೆ ಬೆಳಿಗ್ಗೆ ಹಳೇಬೀಡಿನ ಬಸ್ಸು ಹತ್ತುವಾಗಲೂ ಫೋನ್ ಮಾಡಿದ್ದ.

"ಟೀಚರಮ್ಮ, ರಾತ್ರಿ ಜೋರು ಮಳೆ. ನಿಮ್ ಹೊಲದಾಗೇ ನಿಂತಿವ್ನಿ. ನೀರು ದಾಟಿ ಹೋಗ್ತಾ ಐತೆ, ನೀವೇನೂ ಯೋಚ್ನೆ ಮಾಡ್ಬ್ಯಾಡಿ."