ನಮ್ಮ ಮನೆಯದನ್ನು ತೆಗೆಯಿರಿ ಅಂದಿದ್ದೆ

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ. ಅಂಥ ಮಕ್ಕಳಿಗೂ ಶಾಲೆ ಇರುತ್ತದೆ ಎಂಬುದು ನಮ್ಮ ಅಪ್ಪನಿಗೆ ಗೊತ್ತಿರಲಿಲ್ಲ. ಹಾಗಾಗಿ ಅವಳು ಓದಲಾರಳು, ಬರೆಯಲಾರಳು. ಆದರೆ ನಾವಿಬ್ಬರೂ ಹಿತ್ತಲಲ್ಲಿ ಆಡುತ್ತ ಆಡುತ್ತಲೇ ಕೈಯಲ್ಲಿ ಒಂದು ಭಾಷೆ ಮಾಡಿಕೊಂಡಿದ್ದೆವು. ಮೀಸೆ ತಿರುವಿದರೆ ಅಪ್ಪ, ನೆತ್ತಿಯ ಮೇಲೆ ಸೆರಗು ಎಳೆದುಕೊಂಡರೆ ಅವ್ವ. ಮೂಗಿನ ತುದಿ ಮುಟ್ಟಿಕೊಂಡರೆ ಸಿಟ್ಟು. ಅದನ್ನು ಅವಳು ಕಲಿತದ್ದೇ ನನ್ನನ್ನು ನೋಡಿ. ಈ ಭಾಷೆ ಬಲ್ಲವರು ಈಗ ಭೂಮಿಯ ಮೇಲೆ ನಾವಿಬ್ಬರೇ. ಅವಳ ಗಂಡ ಸ್ವಲ್ಪ ಕಲಿತಿದ್ದ, ಅವನೂ ತೀರಿಕೊಂಡ.

ಅಕ್ಕ ಇರುವುದು ಗುಡಗೇರಿಯಲ್ಲಿ, ಮೈದುನನ ಸಂಸಾರದ ಜೊತೆ. ಒಳ್ಳೆಯ ಜನ. ಹೊತ್ತಿಗೆ ಸರಿಯಾಗಿ ರೊಟ್ಟಿ ಹಾಕುತ್ತಾರೆ, ಹಬ್ಬಕ್ಕೆ ಸೀರೆ ತರುತ್ತಾರೆ. ಆದರೆ ಉಣ್ಣು, ಬಾ, ಮಲಗು ಎಂಬುದನ್ನು ಬಿಟ್ಟರೆ ಅವಳಿಗೆ ಬೇರೇನೂ ಹೇಳಲು ಅವರಿಗೆ ಬರುವುದಿಲ್ಲ. ಅವಳು ಹೇಳುವುದಂತೂ ಅವರಿಗೆ ತಿಳಿಯುವುದೇ ಇಲ್ಲ. ನಾನಿರುವುದು ನವಲಗುಂದದಲ್ಲಿ. ನಮ್ಮದು ಬೀಜ-ಗೊಬ್ಬರದ ಅಂಗಡಿ. ಬಸ್ಸು ಹಿಡಿದು ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಗಾಡಿ ಹತ್ತಿ ಗುಡಗೇರಿ ಮುಟ್ಟಿ ವಾಪಸು ಬರುವುದೆಂದರೆ ಇಡೀ ದಿನದ ಕೆಲಸ. ಅದಕ್ಕೇ ಅವಳ ಮನೆಗೆ ನಾನೇ ನನ್ನ ಹೆಸರಿನಲ್ಲಿ ನೆಟ್ ಹಾಕಿಸಿಕೊಟ್ಟೆ, ಒಂದು ಫೋನೂ ಕೊಡಿಸಿದೆ. ಆ ಮಣ್ಣಿನ ಮಾಳಿಗೆ ಮನೆಯೊಳಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ, ಗೋಡೆ ಅಷ್ಟು ದಪ್ಪ. ಹೊರಗೆ ಹಿತ್ತಲಲ್ಲಿ, ಹೊಲದಲ್ಲಿ ಬಂದರೂ ಮಾತಿಗಷ್ಟೇ ಸಾಲುತ್ತದೆ, ವಿಡಿಯೋಗೆ ಸಾಲದು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ವಿಡಿಯೋದಲ್ಲಿ ನಾವು ಕೈಯಾಡಿಸುತ್ತ ಕೂಡುತ್ತಿದ್ದೆವು. ಎಮ್ಮೆ ಒದ್ದದ್ದು, ಬಾಜು ಮನೆಯ ಸೊಸೆ ಮುನಿಸಿಕೊಂಡದ್ದು, ಯಾರ ಹೊಲದಲ್ಲಿ ಹೆಸರು ಹುಲುಸಾಗಿದೆ ಎಂಬುದು, ಎಲ್ಲ ಬರುತ್ತಿತ್ತು. ಅವಳು ಇಡೀ ದಿನದಲ್ಲಿ ಮಾತಾಡುತ್ತಿದ್ದುದು ಅಷ್ಟು ಹೊತ್ತು ಮಾತ್ರ.

ನಮ್ಮ ಮನೆಗೂ ಅದೇ ಕಂಪನಿಯ ನೆಟ್ ಇತ್ತು. ಹೋದ ವರ್ಷದಿಂದ ಅದು ದರಿದ್ರವಾಗಿ ನಡೆಯತೊಡಗಿತು. ಅಕ್ಕ ಏನೋ ಹೇಳಲು ಕೈ ಎತ್ತಿದರೆ ಕೈ ಅಲ್ಲೇ ನಿಂತುಬಿಡುತ್ತಿತ್ತು. ಮಾತಾಡುವವರಿಗೆ ಚಿತ್ರ ನಿಂತರೂ ದನಿಯಾದರೂ ಕೇಳುತ್ತದೆ. ನಮಗೆ ಚಿತ್ರ ನಿಂತರೆ ಎಲ್ಲವೂ ನಿಂತಂತೆ. ದೂರು ಕೊಟ್ಟು ಕೊಟ್ಟು ಸಾಕಾಗಿ ನಾನು ನವಲಗುಂದದ ಮನೆಗೆ ಬೇರೆ ಕಂಪನಿಯ ನೆಟ್ ತೆಗೆದುಕೊಂಡೆ. ಆ ಹೊಸ ಕಂಪನಿಯ ವೈರು ಗುಡಗೇರಿಗೆ ಇನ್ನೂ ಹೋಗಿರಲಿಲ್ಲ. ಹಾಗಾಗಿ ಅಲ್ಲಿಯದು ಹಳೆಯದೇ ಇರಲಿ, ಇಲ್ಲಿಯದನ್ನು ಮಾತ್ರ ಬಿಡೋಣ ಎಂದು ಹಳೆಯ ಕಂಪನಿಯ ಆಫೀಸಿಗೆ ಹೋದೆ.

ಆಫೀಸು ಅಂದರೆ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮಳಿಗೆ, ಒಂದು ಕಂಪ್ಯೂಟರು, ಅದರ ಮುಂದೆ ಒಬ್ಬ ಮನುಷ್ಯ. ನಾನು ಬಿಡಿಸಿ ಬಿಡಿಸಿ ಹೇಳಿದೆ.

"ನನ್ನ ಹೆಸರಿನ್ಯಾಗ ಎರಡು ಅದಾವ್ರಿ. ನವಲಗುಂದದ್ದು ತಗೀರಿ. ಗುಡಗೇರಿದು ಮುಟ್ಟಬ್ಯಾಡ್ರಿ."

"ಆತ್ರಿ ಮೇಡಮ್ಮಾರ, ತಿಳೀತ್ರಿ," ಎಂದ ಅವನು, ಕಂಪ್ಯೂಟರಿನಿಂದ ಮುಖ ಎತ್ತದೆ.

ಇನ್ನೊಮ್ಮೆ ಹೇಳಿದೆ. ಇನ್ನೊಮ್ಮೆ "ತಿಳೀತ್ರಿ" ಎಂದ. ಅವನಿಗೆ ತಿಳಿದದ್ದೇನು ಎಂಬುದು ಅಂದು ಸಂಜೆಯಿಂದ ನನಗೆ ತಿಳಿಯತೊಡಗಿತು. ನಮ್ಮ ಮನೆಯ ಹಳೆಯ ಬಾಕ್ಸು ಹಸಿರು ದೀಪ ಹಚ್ಚಿಕೊಂಡು ಮೆರೆಯುತ್ತಿತ್ತು. ಗುಡಗೇರಿಯಿಂದ ಮಾತ್ರ ಅಕ್ಕ ಬರಲಿಲ್ಲ. ಕರೆಂಟ್ ಹೋಗಿರಬೇಕು ಅಂದುಕೊಂಡೆ. ಮರುದಿನವೂ ಬರಲಿಲ್ಲ. ಮೈದುನನ ಫೋನಿಗೆ ಹಚ್ಚಿದರೆ ಅವನು ಹೊಲದಲ್ಲಿದ್ದ.

"ಡಬ್ಬಿದಾಗ ಕೆಂಪು ದೀಪ ಹತ್ತೈತ್ರಿ, ಬ್ಯಾರೆ ಏನೂ ಇಲ್ಲ. ವೈನಿ ಅದರ ಮುಂದ ಕುಂತಾರ್ರಿ," ಎಂದ.

ಅಕ್ಕ ಅದರ ಮುಂದೆ ಕೂತಿದ್ದಾಳೆ. ಆ ಮಾತು ಕೇಳಿ ನನಗೆ ತಲೆಯಿಂದ ಕಾಲಿನವರೆಗೆ ಉರಿ ಹತ್ತಿತು. ಯಾಕೆಂದರೆ ಆಗ ನಾಗರ ಪಂಚಮಿ ಹತ್ತಿರ ಬಂದಿತ್ತು.

ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ. ಪಂಚಮಿ ಹೆಣ್ಣುಮಕ್ಕಳ ಹಬ್ಬ. ಲಗ್ನವಾಗಿ ಹೋದವಳು ತವರಿಗೆ ಬಂದು ಉಂಡಿ ತಿಂದು ಜೋಕಾಲಿ ಆಡಬೇಕು. ಆದರೆ ಅವಳಾಗಿ ಬರುವ ಹಾಗಿಲ್ಲ, ತವರಿನವರು ಕರೆಯಬೇಕು. ಕರೆಯದಿದ್ದರೆ ತವರು ಬಾಗಿಲು ಹಾಕಿಕೊಂಡಿತು ಎಂದೇ ಅರ್ಥ. ಅಪ್ಪ ಅವ್ವ ಹೋದ ಮೇಲೆ, ಅಣ್ಣತಮ್ಮಂದಿರು ಇಲ್ಲದ ಅಕ್ಕನಿಗೆ ತವರು ಅಂದರೆ ನಾನೇ. ಮೊದಲು ಹೋಗಿ ಕರೆಯುತ್ತಿದ್ದೆ. ನೆಟ್ ಬಂದ ಮೇಲೆ ಪರದೆಯ ಮೇಲೆಯೇ ಕರೆಯುವ ರೂಢಿಯಾಯಿತು. ಹೊಸ ಕುಪ್ಪಸದ ಖಣ ತೋರಿಸಿ, ಎರಡೂ ಅಂಗೈಯಲ್ಲಿ ಉಂಡಿ ಕಟ್ಟಿದ ಹಾಗೆ ಮಾಡಿ, ಬಾ ಎಂದು ಕೈ ಬೀಸುತ್ತಿದ್ದೆ. ಅವಳು ನಗುತ್ತ ಜೋಕಾಲಿ ಜೀಕಿದಂತೆ ಮೈ ತೂಗುತ್ತಿದ್ದಳು. ಈ ಸಲ ಖಣ ತಂದು ಕಪಾಟಿನಲ್ಲಿ ಇಟ್ಟಿದ್ದೆ. ಕರೆಯುವ ವಾರದಲ್ಲೇ ಆ ಮಹಾನುಭಾವ ಅವಳ ನೆಟ್ಟು ಕಿತ್ತುಹಾಕಿದ್ದ.

ಮತ್ತೆ ಆಫೀಸಿಗೆ ಓಡಿದೆ. ಅವನು ನೋಡಿದ, ತಲೆ ಕೆರೆದುಕೊಂಡ.

"ಸಿಸ್ಟಮ್‌ದಾಗ ಅದು ಕ್ಯಾನ್ಸಲ್ ಆಗೈತ್ರಿ. ಒಮ್ಮೆ ಕ್ಯಾನ್ಸಲ್ ಆದಮ್ಯಾಲೆ ಹೊಸದಾಗೇ ತಗೋಬೇಕ್ರಿ. ಹುಬ್ಬಳ್ಳಿಂದ ಫೋನ್ ಮಾಡಿ ಕೇಳ್ತಾರ್ರಿ. ಹೌದು ಅಂದ್ರ ಸಾಕು, ನಾಳೇನ ಚಾಲೂ ಆಗ್ತದ."

"ಫೋನ್ ಯಾರಿಗೆ ಮಾಡ್ತಾರ?"

"ಆ ಜಾಗಾದ್ದು ಯಾವ ನಂಬರ್ ಕೊಟ್ಟೀರಿ, ಅದಕ್ರಿ."

ಆ ನಂಬರು ಅಕ್ಕನ ಫೋನಿನದು. ಕಿವಿ ಕೇಳದವಳಿಗೆ ಫೋನ್ ಮಾಡಿ, ಮಾತು ಬರದವಳಿಂದ ಹೌದು ಅನ್ನಿಸಿಕೊಳ್ಳುವ ವ್ಯವಸ್ಥೆ ಇದು. ನಾನು ಹಾಗೆಂದು ಹೇಳಿದೆ. ಅಕ್ಕಪಕ್ಕದ ಮಳಿಗೆಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿಯೇ ಹೇಳಿದೆ. ನಂಬರು ಬದಲಿಸು ಅಂದರೆ ಅದಕ್ಕೂ ಅದೇ ನಂಬರಿಗೆ ಫೋನ್ ಹೋಗುತ್ತದಂತೆ. ಮೈದುನ ತೆಗೆದುಕೊಂಡು ಹೌದು ಅಂದರೂ ನಡೆಯದಂತೆ, ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರೇ ಅನ್ನಬೇಕಂತೆ. ಕಸ್ಟಮರ್ ಕೇರಿಗೆ ಹಚ್ಚಿದೆ. ನಿಮ್ಮ ಕರೆ ನಮಗೆ ಅತ್ಯಮೂಲ್ಯ ಎಂದು ಒಂದು ಯಂತ್ರ ಹಾಡು ಹಾಕಿತು. ಹಾಡು ಮುಗಿದ ಮೇಲೆ ಬೆಂಗಳೂರು ಕಡೆಯ ಒಬ್ಬ ಹುಡುಗಿ ಬಂದಳು.

"ಮೇಡಂ, ನಾವು ಕರೆ ಮಾಡಿದ್ದೀವಿ. ಕಸ್ಟಮರ್ ಫೋನ್ ತೆಗೆದುಕೊಂಡು ಮಾತಾಡದೇ ಕಟ್ ಮಾಡ್ತಿದ್ದಾರೆ."

ನನಗೆ ಆಗ ಹೊಳೆಯಿತು. ಹಿತ್ತಲಲ್ಲಿ ಇದ್ದಾಗ ಬಂದ ಕರೆಗೆ ಅಕ್ಕ ಫೋನ್ ತೆಗೆದುಕೊಳ್ಳುತ್ತಿದ್ದಳು. ಕೈಯಲ್ಲಿ ಫೋನ್ ನಡುಗಿದಾಗಲೆಲ್ಲ ನಾನೇ ಬಂದೆ ಎಂದು ತೆಗೆಯುತ್ತಿದ್ದಳು. ನನ್ನ ಮುಖ ಕಾಣದೆ ಹೋದಾಗ ಇಟ್ಟುಬಿಡುತ್ತಿದ್ದಳು. ಇವರು ಅದನ್ನು ಕಸ್ಟಮರ್ ಸಹಕರಿಸುತ್ತಿಲ್ಲ ಎಂದು ಬರೆದುಕೊಳ್ಳುತ್ತಿದ್ದರು. ಅವರ ಜನ್ಮಕ್ಕಿಷ್ಟು.

ಗುಡಗೇರಿಗೆ ಹೋಗಿಬಿಡಬೇಕಿತ್ತು ಎಂದು ಓದುವವರಿಗೆ ಅನಿಸಬಹುದು. ನನಗೂ ಅನಿಸಿತ್ತು. ಹೆಸರಿನ ಬೆಳೆಗೆ ಹುಳ ಬಿದ್ದಿತ್ತು, ಔಷಧಕ್ಕೆ ರೈತರು ಬೆಳಗಾಗುವ ಮೊದಲೇ ಅಂಗಡಿಯ ಮುಂದೆ ನಿಲ್ಲುತ್ತಿದ್ದರು, ನಮ್ಮ ಮನೆಯವರು ಒಬ್ಬರೇ ಸಾಲುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಇವರ "ನಾಳೆ" ಎಂಬ ಮಾತು. ನಾಳೆ ಚಾಲೂ ಆಗ್ತದ್ರಿ ಎಂದು ದಿನಾ ನಂಬಿಸಿದರು. ಇಲ್ಲ, ಆಗುವುದಿಲ್ಲ ಎಂದು ಒಬ್ಬನಾದರೂ ನೆಟ್ಟಗೆ ಹೇಳಿದ್ದರೆ ಅವತ್ತೇ ಬಸ್ಸು ಹತ್ತುತ್ತಿದ್ದೆ. ಪಂಚಮಿಗೆ ಬಾ ಎಂದು ನನ್ನ ಪರವಾಗಿ ಅವಳನ್ನು ಕರೆ ಎಂದು ಮೈದುನನಿಗೆ ಫೋನಿನಲ್ಲಿ ತಿಳಿಸಿದ್ದೆ. ಅವನು ಏನೋ ಕೈ ಮಾಡಿ ತೋರಿಸಿದನಂತೆ. ಅವಳು ಅವನ ಮುಖವನ್ನೇ ನೋಡಿ ಎದ್ದು ಹಿತ್ತಲಿಗೆ ಹೋದಳಂತೆ.

ಪಂಚಮಿಯ ಮುನ್ನಾದಿನ ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಮನೆಗೆ ಬಂದರೆ ಅಕ್ಕ ನಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಒಬ್ಬಳೇ ಬಂದಿದ್ದಳು. ಎಂದೂ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಹುಬ್ಬಳ್ಳಿಯ ಆ ಗದ್ದಲದಲ್ಲಿ ಬಸ್ಸಿನ ಬೋರ್ಡು ಓದಲಾರದೆ, ಯಾರನ್ನೂ ಕೇಳಲಾರದೆ ಹೇಗೆ ಬಂದಳೋ. ಮಡಿಲಲ್ಲಿ ಒಂದು ಗಂಟು. ನಾನು ಬಾಗಿಲು ತೆರೆದರೂ ಒಳಗೆ ಬರಲಿಲ್ಲ. ಕರೆಯದೆ ಬಂದವಳಲ್ಲವೇ. ಹೊಸಿಲಿನ ಆಚೆಯೇ ನಿಂತು ಗಂಟು ಬಿಚ್ಚಿದಳು. ಒಳಗೆ ಶೇಂಗಾ ಉಂಡಿಯ ಡಬ್ಬಿ, ಅದರ ಜೊತೆಗೆ ಗೋಡೆಯಿಂದ ಕಿತ್ತು ತಂದ ನೆಟ್ಟಿನ ಬಾಕ್ಸು. ಬಾಕ್ಸನ್ನು ನನ್ನ ಮುಂದೆ ಹಿಡಿದು, ಇನ್ನೊಂದು ಕೈಯಿಂದ ತನ್ನ ಮೂಗಿನ ತುದಿ ಮುಟ್ಟಿ, ನನ್ನನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡಳು.

ನಿನಗೆ ನನ್ನ ಮೇಲೆ ಸಿಟ್ಟೇ?

ನಾನು ಅತ್ತೆ. ಒಳಗೆ ಎಳೆದುಕೊಂಡು ಹೋಗಿ ಕಪಾಟಿನಿಂದ ಖಣ ತೆಗೆದು ತೋರಿಸಿದೆ, ಉಂಡಿ ಕಟ್ಟಿ ತೋರಿಸಿದೆ, ಬಾ ಬಾ ಎಂದು ಕೈ ಬೀಸಿದೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಅವಳು ನಗಲಿಲ್ಲ, ಜೋಕಾಲಿ ಜೀಕಿದಂತೆ ಮೈ ತೂಗಲೂ ಇಲ್ಲ. ಬಂದ ಮೇಲೆ ಕರೆದ ಕರೆ ಅದು.

ಉಣ್ಣಿಸಿ, ಅವಳನ್ನೂ ಬಾಕ್ಸನ್ನೂ ಕರೆದುಕೊಂಡು ಆಫೀಸಿಗೆ ಹೋದೆ. ಬಾಕ್ಸನ್ನು ಅವನ ಟೇಬಲಿನ ಮೇಲೆ ಇಟ್ಟೆ.

"ನಿಮ್ಮ ಕಸ್ಟಮರ್ ಬಂದಾಳ, ಕೇಳ್ರಿ. ಹೌದು ಅನಸ್ರಿ ನೋಡೂಣು," ಎಂದೆ. ಇನ್ನೂ ಏನೇನೋ ಅಂದೆ, ಬರೆಯುವಂಥವಲ್ಲ. ಅವನು ಎಂದಿನಂತೆ ಕಂಪ್ಯೂಟರು ನೋಡುತ್ತಿದ್ದ. ನಾನು ಕೂಗಿದಷ್ಟೂ ಅವನ ಮುಖದಲ್ಲಿ ಏನೂ ಆಗಲಿಲ್ಲ. ಅಕ್ಕ ನನ್ನ ಬಾಯಿ ನೋಡಿದಳು, ಅವನ ಮುಖ ನೋಡಿದಳು. ಆಮೇಲೆ ನನ್ನ ಸೆರಗು ಜಗ್ಗಿ, ತನ್ನ ಕಿವಿ ಮುಟ್ಟಿ ಇಲ್ಲವೆಂದು ಕೈಯಾಡಿಸಿ, ಅವನ ಕಡೆ ತೋರಿಸಿದಳು.

ಪಾಪ, ಇವನೂ ನನ್ನ ಹಾಗೆಯೇ?

ಹೌದೆಂದು ತಲೆಯಾಡಿಸಿದೆ. ಅಕ್ಕ ಡಬ್ಬಿ ತೆಗೆದು ಅವನ ಮುಂದೆ ಒಂದು ಉಂಡಿ ಇಟ್ಟಳು. ಅವನು ಆಗ ಮುಖ ಎತ್ತಿದ. ಉಂಡಿ ಬಾಯಿಗೆ ಹಾಕಿಕೊಂಡು ಹುಬ್ಬಳ್ಳಿಗೆ ಫೋನ್ ಹಚ್ಚಿದ. ಅಕ್ಕನ ಕೈಯಲ್ಲಿದ್ದ ಫೋನ್ ನಡುಗಿತು. ನಾನು ಕಸಿದುಕೊಂಡು, ಕನೆಕ್ಷನ್ನಿನಲ್ಲಿದ್ದ ನನ್ನದೇ ಹೆಸರು ಹೇಳಿ "ಹೌದ್ರಿ" ಅಂದೆ. ಅಷ್ಟೇ. ಮುಗಿಯಿತು. ಅಷ್ಟಕ್ಕಾಗಿ ಅವಳು ಒಬ್ಬಳೇ ಮೂಕಿಯಾಗಿ ಊರು ದಾಟಿ ಬರಬೇಕಾಯಿತು.

ಹಬ್ಬ ಮುಗಿಸಿ ಅವಳನ್ನು ನಾನೇ ಗುಡಗೇರಿಗೆ ಮುಟ್ಟಿಸಿ ಬಂದೆ. ಕಂಪನಿಯ ಹುಡುಗ ಬಂದು ಬಾಕ್ಸು ಮತ್ತೆ ಗೋಡೆಗೆ ಹೊಡೆದ. ನಮ್ಮ ಮನೆಯ ಹಳೆಯದು ಇನ್ನೂ ಕ್ಯಾನ್ಸಲ್ ಆಗಿಲ್ಲ. ಮೂಲೆಯಲ್ಲಿ ಹಸಿರು ದೀಪ ಉರಿಸಿಕೊಂಡು ಕೂತಿದೆ. ಅದನ್ನು ತೆಗೆಸಲು ಹೋದರೆ ಮತ್ತೆ ಯಾವುದನ್ನು ಕೀಳುತ್ತಾರೋ ಎಂದು ನಾನು ಆ ಕಡೆ ತಲೆ ಹಾಕಿಲ್ಲ.

ದಿನಾ ಸಂಜೆ ಅಕ್ಕ ಪರದೆಯ ಮೇಲೆ ಬರುತ್ತಾಳೆ. ಮೊದಲು ಬಂದೊಡನೆ ಎಮ್ಮೆಯ ಸುದ್ದಿ ಹೇಳುತ್ತಿದ್ದಳು. ಈಗ ಹಾಗಲ್ಲ. ಮೊದಲು ಮೂಗಿನ ತುದಿ ಮುಟ್ಟಿ, ನನ್ನನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಳ್ಳುತ್ತಾಳೆ. ನಾನು ಇಲ್ಲವೆಂದು ತಲೆಯಾಡಿಸುವವರೆಗೆ ಬೇರೆ ಮಾತು ಎತ್ತುವುದಿಲ್ಲ. ದಿನಾ ಕೇಳುತ್ತಾಳೆ. ದಿನಾ ತಲೆಯಾಡಿಸುತ್ತೇನೆ.