ಮಗುವಿಗೆ ಹಾಕಿದ ಹೊಗೆ

ಆಗ ನನಗೆ ನಲವತ್ಮೂರು. ಈಗ ಎಂಬತ್ನಾಲ್ಕು. ಅಂದರೆ ನಲವತ್ತು ವರ್ಷದ ಮೇಲಾಯಿತು.

ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿಯ ಹಿಂದೆ ನಮ್ಮದೊಂದು ಹೆಂಚಿನ ಮನೆ. ಮನೆ ಅಂದರೆ ಒಂದೇ ಕೋಣೆ. ಒಂದು ಮೂಲೆಯಲ್ಲಿ ಒಲೆ, ಎದುರು ಮೂಲೆಯಲ್ಲಿ ಬಚ್ಚಲು, ನಡುವೆ ಉಳಿದದ್ದರಲ್ಲಿ ನಾವು. ಗಂಡ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ನಾನು ಬಾಣಂತಿಯರಿಗೆ, ಹಸುಗೂಸುಗಳಿಗೆ ನೀರು ಹಾಕಲು ಮನೆಮನೆಗೆ ಹೋಗುತ್ತಿದ್ದೆ.

ನೀರು ಹಾಕುವುದು ಅಂದರೆ ಬರೀ ಸ್ನಾನವಲ್ಲ. ಮಗುವಿಗೆ ಹರಳೆಣ್ಣೆ ತಿಕ್ಕಿ, ಕೈಕಾಲು ನೀವಿ, ಬಿಸಿನೀರು ಹುಯ್ದು, ಒರೆಸಿ, ಆಮೇಲೆ ಹೊಗೆ ಹಾಕಬೇಕು. ಒಡೆದ ಮಡಕೆಯ ಓಡಿನಲ್ಲಿ ಕರಟದ ಕೆಂಡ, ಅದರ ಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಮ, ಇದ್ದವರ ಮನೆಯಾದರೆ ಸಾಂಬ್ರಾಣಿ. ಕಿಟಕಿಗೆ ಗೋಣಿ ತುರುಕಿ, ಬಾಗಿಲು ಹಾಕಿ, ಮಗುವನ್ನು ಅಂಗೈ ಮೇಲೆ ಬೋರಲು ಮಲಗಿಸಿಕೊಂಡು ಆ ಹೊಗೆಯ ಮೇಲೆ ಆಡಿಸಬೇಕು. ಶೀತ ಬಿಡುತ್ತದೆ, ದೃಷ್ಟಿ ತಾಕುವುದಿಲ್ಲ, ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ ಅಂತ. ನಮ್ಮತ್ತೆ ಕಲಿಸಿದ್ದು. ಹೊಗೆ ಕಮ್ಮಿಯಾದರೆ ಮನೆಯ ಮುದುಕಿಯರೇ ಇನ್ನೊಂದು ಹಿಡಿ ಹಾಕು ಅನ್ನುತ್ತಿದ್ದರು. ನನ್ನ ಕೈಗುಣ ಒಳ್ಳೆಯದು ಅಂತ ಗುಬ್ಬಿಯಲ್ಲಿ ಹೆಸರಿತ್ತು.

ಮಗಳನ್ನು ಕುಣಿಗಲ್ಲಿಗೆ ಕೊಟ್ಟಿದ್ದೆವು. ಮೊದಲನೇ ಹೆರಿಗೆಗೆ ನಮ್ಮಲ್ಲಿಗೆ ಬಂದಳು. ಗಂಡುಮಗು. ಎರಡು ತಿಂಗಳಿಗೆ ಕೆಮ್ಮು ಹತ್ತಿ, ಉಸಿರೆಳೆದಾಗೆಲ್ಲ ಪಕ್ಕೆ ಹಾರಲು ಶುರುವಾಗಿ, ಮೂರನೇ ದಿನಕ್ಕೆ ಹೋಯಿತು. ಮಣ್ಣು ಮಾಡಿ ಬಂದೆವು. ಹಾಲು ಬತ್ತಲಿ ಅಂತ ಮಗಳ ಎದೆಗೆ ಮಲ್ಲಿಗೆ ಹೂವು ಕಟ್ಟಿದೆ. ಹದಿನೈದು ದಿನ ಇದ್ದು ಗಂಡನ ಮನೆಗೆ ಹೋದಳು.

ಎರಡು ವರ್ಷ ಕಳೆದ ಮೇಲೆ ಮತ್ತೆ ಏಳು ತಿಂಗಳ ಬಸುರಿಯಾಗಿ ಬಂದಳು. ಬರುವಾಗ ಅವಳ ಅತ್ತೆ, ಈ ಸಲವೂ ಬರಿಗೈಯಲ್ಲಿ ಬರಬೇಡ ಅಂದು ಕಳಿಸಿದ್ದಳಂತೆ. ಅದನ್ನು ಮಗಳು ನನಗೆ ಹೇಳಿದ್ದು ಒಂದೇ ಸಲ.

ಸರ್ಕಾರಿ ಆಸ್ಪತ್ರೆಯಿಂದ ನರ್ಸಮ್ಮ ಒಬ್ಬಳು ನಡೆದುಕೊಂಡು ಬರುತ್ತಿದ್ದಳು, ಬಸುರಿಯರನ್ನು ನೋಡಲು. ಅವಳು ನಮ್ಮ ಮನೆಯೊಳಗೆ ಕೂತು ಸುತ್ತ ನೋಡಿ, ಮೊದಲನೇ ಮಗು ಹೋದಾಗ ಮನೆಯೊಳಗೆ ಬೀಡಿ ಸೇದುತ್ತಿದ್ದವರು ಯಾರು ಅಂತ ಕೇಳಿದಳು. ನಾನು ಗಂಡನ ಕಡೆ ಕೈ ತೋರಿಸಿದೆ.

"ಇದ್ದೋರ್ ಮನೇಲಾದ್ರೆ ಎದ್ದು ಹಜಾರಕ್ಕೆ ಹೋಗ್ತಾರೆ. ನಿಮಗಿರೋದೇ ಒಂದು ರೂಮು. ಬಿಟ್ಟ ಹೊಗೆ ಎಲ್ಲಿಗೆ ಹೋಗ್ಬೇಕು ಹೇಳಿ? ಮಗೂನ ಎದೆಗೇ ಹೋಗೋದು" ಅಂದಳು.

ಇನ್ನು ಮುಂದೆ ಈ ಮನೆಯೊಳಗೆ ಯಾರೂ ಬೀಡಿ ಹಚ್ಚಬಾರದು, ಆಗುವುದಾದರೆ ಒಲೆಯನ್ನೂ ಆಚೆಗೆ ಹಾಕಿಕೊಳ್ಳಿ ಅಂತ ಹೇಳಿ ಹೋದಳು. ಅವಳು ಹೋದ ಮೇಲೆ ಗಂಡ ಬಾಗಿಲಲ್ಲೇ ಕೂತು ಕೇಳಿದ.

"ಅಂಗಾದ್ರೆ ಆ ಮಗೀನ ನಾನೇ ಕೊಂದೆ ಅಂತಾಳಾ ಅವ್ಳು?"

"ಇನ್ನೇನಂದ್ಲು ಮತ್ತೆ" ಅಂದೆ.

ಅವನು ಎದ್ದು ಒಂದು ಕರಟಕ್ಕೆ ತೂತು ಕೊರೆದು, ಹುರಿ ಕಟ್ಟಿ, ಬಾಗಿಲಾಚೆ ಸೂರಿಗೆ ನೇತುಹಾಕಿದ. ಬೀಡಿ ಕಟ್ಟು, ಬೆಂಕಿಪೊಟ್ಟಣ ಎರಡನ್ನೂ ಅದರಲ್ಲಿ ಇಟ್ಟ. ಅವತ್ತಿನಿಂದ ಅವು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ. ಮನೆಗೆ ಬಂದವರೂ ಅದರಲ್ಲೇ ಇಟ್ಟು ಒಳಗೆ ಬರಬೇಕಾಯಿತು. ಮಂಡಿಯ ಜೊತೆಗಾರನೊಬ್ಬ ಬಂದವನು ಕರಟ ನೋಡಿ, "ಏನಣ್ಣ, ನಿಮ್ಮನೇಲಿ ಬೀಡಿನೂ ಮುಟ್ಟಾಗೈತಾ, ಆಚೆ ಕೂರ್ಸಿದೀರಲ್ಲ?" ಅಂದ. ಎಲ್ಲರೂ ನಕ್ಕರು. ಗಂಡ ನಗಲಿಲ್ಲ. ಮಳೆ ಹುಯ್ಯುವಾಗಲೂ ಗೋಣಿಯನ್ನು ಕೊಪ್ಪೆ ಹಾಕಿಕೊಂಡು ಜಗಲಿಯ ತುದಿಯಲ್ಲಿ ಕೂತು ಸೇದುತ್ತಿದ್ದ. ನಾನು ಒಳಗಿನಿಂದ ನೋಡುತ್ತಿದ್ದೆ. ಒಳಗೆ ಬಾ ಅನ್ನಲಿಲ್ಲ. ಒಲೆಯನ್ನು ಹಿತ್ತಿಲಲ್ಲಿ ಸೋಗೆ ಮರೆ ಕಟ್ಟಿ ಅಲ್ಲಿಗೆ ಹಾಕಿದೆ.

ಹೆಣ್ಣುಮಗು ಹುಟ್ಟಿತು. ಸಣ್ಣದು, ಆದರೆ ಅಳು ಜೋರಾಗಿತ್ತು. ನಾನೇ ನೀರು ಹಾಕಿದೆ. ಮನೆಯ ಗೋಡೆಯಲ್ಲಿ, ಕಂಬಳಿಯಲ್ಲಿ ಹಳೇ ಬೀಡಿ ವಾಸನೆ ಇನ್ನೂ ಹೋಗಿರಲಿಲ್ಲ. ಅದು ಮಗುವಿಗೆ ತಾಕಬಾರದು ಅಂತ ದಿನಕ್ಕೆ ಒಂದು ಸಲ ಹಾಕುವ ಹೊಗೆಯನ್ನು ಎರಡು ಸಲ ಹಾಕಿದೆ. ಬೆಳಿಗ್ಗೆ ನೀರಾದ ಮೇಲೆ ಒಂದು ಸಲ, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು. ಸಾಂಬ್ರಾಣಿಯನ್ನು ನಾನು ಹೋಗುತ್ತಿದ್ದ ಮನೆಯೊಂದರಿಂದ ಕೇಳಿ ತಂದಿದ್ದೆ. ಮಗಳು ಕೆಮ್ಮಿದರೆ, ಬಾಣಂತಿಗೂ ಒಳ್ಳೇದು ಕಣೇ, ಸುಮ್ಕಿರು ಅನ್ನುತ್ತಿದ್ದೆ. ನರ್ಸಮ್ಮ ಬರುತ್ತಿದ್ದದ್ದು ಮಧ್ಯಾಹ್ನ. ಅಷ್ಟು ಹೊತ್ತಿಗೆ ಕಿಟಕಿ ತೆಗೆದಿರುತ್ತಿದ್ದೆ. ಅವಳು ಸೂರಿನ ಕರಟ ನೋಡಿ, ಈ ಬೀದಿಯವರೆಲ್ಲ ಹೀಗೆ ಮಾಡಿದರೆ ಎಷ್ಟು ಚೆನ್ನ ಅಂದಳು. ಕೆಂಡದ ಓಡಿನ ವಿಷಯ ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಬಚ್ಚಿಟ್ಟದ್ದಲ್ಲ, ಹೇಳುವಂಥದ್ದು ಅಂತ ಅನ್ನಿಸಿರಲಿಲ್ಲ.

ಇಪ್ಪತ್ತೈದನೇ ದಿನ ಮಗುವಿಗೆ ಗೊರಗೊರ ಶುರುವಾಯಿತು. ಬೆಳಿಗ್ಗೆ ನೋಡಿದರೆ ಪಕ್ಕೆ ಹಾರುತ್ತಿತ್ತು. ಹೋದ ಮಗುವಿಗೆ ಹಾರಿದ ಹಾಗೇ. ಮಗಳು ನನ್ನ ಮುಖ ನೋಡಿದಳು. ಮೊದಲ ಬಸ್ಸಿಗೆ ತುಮಕೂರಿನ ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿದ್ದ ಡಾಕ್ಟರಮ್ಮ ಮಗುವಿನ ಎದೆಗೆ ಕೊಳವೆ ಇಟ್ಟು ನೋಡಿ, ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದಾರಾ ಅಂದರು. ಯಾರೂ ಬಾಯಿ ಬಿಡುವ ಮುಂಚೆ ನಾನೇ ಹೇಳಿದೆ, ಮೂರು ತಿಂಗಳಾಯಿತು, ಒಳಗೆ ಒಂದು ಕಡ್ಡಿ ಗೀರಿಲ್ಲ ಅಂತ. ಗಂಡ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರಮ್ಮ ಮಗುವಿಗೆ ಸುತ್ತಿದ್ದ ಬಟ್ಟೆಯನ್ನು ಮೂಗಿಗೆ ಹಿಡಿದರು. ಇದೇನು ವಾಸನೆ ಅಂದರು. ಹೇಳಿದೆ. ದಿನಕ್ಕೆ ಎಷ್ಟು ಸಲ, ಬಾಗಿಲು ತೆಗೆದಿರುತ್ತದೋ ಹಾಕಿರುತ್ತದೋ, ಕಿಟಕಿ ಹೇಗೆ, ಎಲ್ಲ ಕೇಳಿದರು. ಎಲ್ಲ ಹೇಳಿದೆ.

"ಬೀಡಿ ಆಚೆ ಹಾಕಿದ್ದು ಒಳ್ಳೇ ಕೆಲಸಾನೇ. ಆದ್ರೆ ಇದೂ ಹೊಗೇನೇ ಅಲ್ವೇನಮ್ಮ? ಬಾಗ್ಲು ಹಾಕಿ ಮಗೂನ ಮೂಗಿಗೇ ಹಿಡಿದಿದ್ದೀರಲ್ಲ" ಅಂದರು. ಆಮೇಲೆ, ಮೊದಲನೇ ಮಗುವಿಗೂ ಹಾಕಿದ್ದಿರಾ ಅಂತ ಕೇಳಿದರು.

"ಹೂಂ" ಅಂದೆ.

ಮಗುವನ್ನು ಒಳಗೆ ಮಲಗಿಸಿಕೊಂಡರು. ಮಗಳು ಜೊತೆಗೆ ಉಳಿದಳು. ಅವಳ ಸೀರೆ, ಮಗುವಿನ ಹೊಗೆ ತಾಕದ ಬಟ್ಟೆ ಬೇಕಿತ್ತು. ಹೊಗೆ ತಾಕದ ಬಟ್ಟೆ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ಒಗೆದು ತರೋಣ ಅಂತ ಸಂಜೆ ಗುಬ್ಬಿಗೆ ಹೊರಟೆವು.

ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಇಬ್ಬರೂ ಕೂತೆವು. ಮೂರು ತಿಂಗಳು ಹೊತ್ತಿದ್ದ ತಪ್ಪನ್ನು ಅವನು ಈಗ ನನ್ನ ತಲೆ ಮೇಲೆ ಇಡುತ್ತಾನೆ ಅಂದುಕೊಂಡೆ. ಇಟ್ಟಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ.

"ನಾನೂ ಸೇದಿದೀನಿ, ನೀನೂ ಹಾಕಿದೀಯ. ಬುಡು" ಅಂದ.

ಬಿಟ್ಟೆ. ಅಳು ಬರಲಿಲ್ಲ. ನಾನು ನೀರು ಹಾಕಿದ ಮಕ್ಕಳಲ್ಲಿ ಯಾವ್ಯಾವುದು ಕೆಮ್ಮಿತ್ತು, ಯಾವುದು ಹೋಗಿತ್ತು ಅಂತ ನೆನೆಸಿಕೊಳ್ಳಲು ಶುರು ಮಾಡಿದೆ. ಎರಡು ಮನೆ ನೆನಪಾದವು. ಅಲ್ಲಿಗೆ ನಿಲ್ಲಿಸಿದೆ. ಬಸ್ಸು ಬಂತು, ಹತ್ತಿದೆವು.

ಮಗು ಬದುಕಿತು. ಒಂಬತ್ತನೇ ದಿನ ಮನೆಗೆ ಬಂತು. ಅವಳು ಸ್ಕೂಲಿಗೆ ಸೇರಿದ ಮೇಲೆ ಅವಳ ಸ್ಲೇಟಿನಲ್ಲೇ ನಾನು ನಾಲ್ಕಕ್ಷರ ತಿದ್ದಿದ್ದು. ಆದರೆ ಆ ಸಂಜೆ ಇದು ಯಾವುದೂ ನನಗೆ ಗೊತ್ತಿರಲಿಲ್ಲ. ಬಟ್ಟೆ ಒಗೆದು ಹಿತ್ತಿಲಲ್ಲಿ ಹರವಿ ಮಲಗಿದೆ.

ಮಾರನೇ ದಿನ ಬೆಳಿಗ್ಗೆ ಗಂಡ ಒಣಗಿದ ಬಟ್ಟೆ ತೆಗೆದುಕೊಂಡು ತುಮಕೂರಿಗೆ ಹೋದ. ನಾನು ಹಿಂದಿನ ಬೀದಿಯ ಬಾಣಂತಿ ಮನೆಗೆ ಹೋದೆ. ಹನ್ನೆರಡು ದಿನದ ಮಗು. ನೀರು ಹಾಕಿ ಒರೆಸುವಷ್ಟರಲ್ಲಿ ಆ ಮನೆಯ ಮುದುಕಿ ಕೆಂಡದ ಓಡನ್ನು ತಂದಿಟ್ಟು, ಮೇಲೆ ಬೆಳ್ಳುಳ್ಳಿ ಸಿಪ್ಪೆ ಹಾಕಿ, ಬಾಗಿಲು ಎಳೆದಳು. ನಾನು ಮಿಕ್ಕಿದ್ದ ನೀರನ್ನು ಚೆಂಬಿನಲ್ಲಿ ಮೊಗೆದು ಕೆಂಡದ ಮೇಲೆ ಹುಯ್ದೆ.

"ಏನಮ್ಮಿ, ತಲೆಗಿಲೆ ಕೆಟ್ಟೈತಾ? ಮಗೀಗೆ ಶೀತ ಆದ್ರೆ ನೀನ್ ಬಂದು ನೋಡ್ಕತೀಯಾ?" ಅಂದಳು.

"ನೋಡ್ಕತೀನಿ. ಹೊಗೆ ಮಾತ್ರ ಹಾಕಕ್ಕಿಲ್ಲ. ಬೇಕಾದ್ರೆ ಬೇರೆಯೋಳ್ನ ಕರ್ಕೋ, ಅವ್ಳಿಗೂ ಬಂದು ಹೇಳ್ತೀನಿ."

ಕಿಟಕಿಗೆ ತುರುಕಿದ್ದ ಗೋಣಿಯನ್ನು ಕಿತ್ತೆ. ಮಗುವನ್ನು ಒಣಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸಿದೆ. ಒದ್ದೆ ಬೂದಿಯ ಸಮೇತ ಓಡನ್ನು ತಿಪ್ಪೆಗೆ ಎಸೆದು, ಕೈ ತೊಳೆದುಕೊಂಡು, ಮುಂದಿನ ಮನೆಗೆ ನೀರು ಹಾಕಲು ಹೋದೆ.